ರೋಮನ್ ಗೋಡೆಯ ಪಕ್ಕ ಅಪ್ಪ ಕಟ್ಟಿದ ಗೋಡೆ

ಹೌಸ್‌ಸ್ಟೆಡ್ಸ್ ಹತ್ತಿರ, ಮಂಗಳವಾರ

ಅಮ್ಮಾ,

ರೋಮನ್ನರು ಕಟ್ಟಿದ ಹಳೆಯ ಗೋಡೆಯ ಗುಂಟ ಆರು ಮೈಲಿ ನಡೆಯಲು ಹೊರಟ ಅಪ್ಪ, ನಾನು ಎರಡನೆಯ ಮೈಲಿಗೇ ನಿಂತೆವು. ಕೆಳಗಿನ ಹೊಲದಲ್ಲಿ ಒಬ್ಬ ಹೆಂಗಸು ಕುರಿಗಳು ಬೀಳಿಸಿದ ಕಲ್ಲುಗೋಡೆಯನ್ನು ಮತ್ತೆ ಕಟ್ಟುತ್ತಿದ್ದಳು.

"ಆ ಕಲ್ಲು ಸರಿಯಾಗಿ ಕೂತಿಲ್ಲ ತಾಯಿ, ಬೀಳುತ್ತೆ," ಎಂದು ಅಪ್ಪ ಕೂಗಿದರು.

"ಅಲ್ಲಿಂದಲೇ ಕಾಣುತ್ತಾ ಅಜ್ಜ?"

"ನಂಗೆ ಕಣ್ಣೇ ಕಾಣಲ್ಲ. ಸದ್ದು ಕೇಳಿಸ್ತು."

ಅವಳು ನಗುವಷ್ಟರಲ್ಲಿ ಕಲ್ಲು ಉರುಳಿತು. "ಹಾಗಾದ್ರೆ ನೀವೇ ಬಂದು ಕೂರಿಸಿ," ಅಂದಳು.

ನಲವತ್ತು ವರ್ಷ ಗೋಡೆ ಕಟ್ಟಿ, ಕಣ್ಣು ಹೋದಮೇಲೆ ಕಲ್ಲನ್ನೇ ಮುಟ್ಟದಿದ್ದ ಅಪ್ಪ ಮೂರು ಗಂಟೆ ಮಂಡಿಯೂರಿ, ಒಂದೊಂದನ್ನೂ ಸವರಿ ನೋಡಿ ಕಟ್ಟಿದರು. ಯಾವ ಕಾಲದಲ್ಲೋ ಆ ಹಳೆಯ ಗೋಡೆಯಿಂದ ಕಿತ್ತು ತಂದ ಒಂದು ಕಲ್ಲಿನ ಮೇಲೆ ರೋಮನ್ನರ ಉಳಿಯ ಗುರುತು ಸಿಕ್ಕಿತು. "ಒಳ್ಳೆ ಕೆಲಸಗಾರ ಕಣೇ," ಎಂದು ಅದನ್ನು ಎಲ್ಲರಿಗೂ ಕಾಣುವಂತೆ ಹೊರಮುಖಕ್ಕೆ ಕೂರಿಸಿದರು. ಕಲ್ಲು ಕೊಡಲು ತಡಮಾಡಿದ್ದಕ್ಕೆ ನನಗೆ ಮೊದಲಿನ ಹಾಗೇ ಬೈದರು. ಕೇಳಿ ಅಳು ಬರುವಷ್ಟು ಖುಷಿಯಾಯಿತು.

ಕೊನೆಗೆ ಅವಳು ಬೂಟುಗಾಲಲ್ಲಿ ಒದ್ದು ನೋಡಿದಳು, ಗೋಡೆ ಅಲುಗಲಿಲ್ಲ. ಇನ್ನೂ ಮೂರು ಕಡೆ ಬಿದ್ದಿದೆಯಂತೆ. ಅವನ್ನೂ ಕಟ್ಟಿಕೊಡುವವರೆಗೆ ನಮ್ಮ ಊಟ, ಹಾಸಿಗೆ ಅವಳದೇ.

ಅಪ್ಪನ ಬೆರಳು ತರಚಿದೆ, ಅಷ್ಟೇ. ಶನಿವಾರದವರೆಗೆ ನಾವು ಮನೆಗೆ ಬರುವುದಿಲ್ಲ. ಅವರ ಸುತ್ತಿಗೆಯನ್ನು ಅಂಚೆಗೆ ಹಾಕು. ಕಣ್ಣು ಹೋದಾಗ ನೀನು ಅದನ್ನು ಬಚ್ಚಿಟ್ಟ ಜಾಗ ಅವರಿಗೆ ಮೊದಲಿನಿಂದಲೂ ಗೊತ್ತಂತೆ: ಮೆಟ್ಟಿಲ ಕೆಳಗೆ, ಕ್ರಿಸ್ಮಸ್ ದೀಪಗಳ ಪೆಟ್ಟಿಗೆಯಲ್ಲಿ.

ಹೆಸ್ಟರ್