ಗಜನಿಯ ಬಾಗಿಲು ಮತ್ತು ‘ಜೆಪರ್ಡೈಸ್’

ಅಕ್ಟೋಬರ್ 24, ಸಂಜೆ, ಬಸ್ಸಿನಲ್ಲಿ

ಕಿಟಕಿ ಸೀಟು ಸಿಕ್ಕಿತು. ಹಬ್ಬುವಾಡದ ವಕೀಲರ ಆಫೀಸಿನಲ್ಲಿ ಇವತ್ತೂ ಟೈಪಿಂಗ್, ಇವತ್ತೂ ಕುತ್ತಿಗೆ ನೋವು. ಆದರೆ ಈ ಸಲ ನಮ್ಮೂರಿನದೇ ಕಂಪ್ಲೇಂಟ್. ಅಮಾವಾಸ್ಯೆಯ ಕಡಲ ಭರತಿಗೆ ಯಾರೋ ನಮ್ಮ ಗಜನಿಯ, ಅಂದರೆ ಹಿನ್ನೀರ ಬದಿಯ ತಗ್ಗು ಗದ್ದೆಗಳ, ತೂಬಿನ ಬಾಗಿಲಿನ ಹಲಗೆ ಎತ್ತಿದ್ದಾರೆ. ಕಾಳು ಕಟ್ಟುತ್ತಿದ್ದ ಕಗ್ಗ ಭತ್ತದ ಗದ್ದೆಗೆಲ್ಲ ಉಪ್ಪುನೀರು. ಅಪ್ಪನ ಗದ್ದೆಗೂ.

ರಾಜೀವ ವಕೀಲರು ಹೇಳಿ ಬರೆಸಿದರು — ಬೆಳೆಯನ್ನು ‘ಜೆಪರ್ಡೈಸ್’ ಮಾಡಿದ್ದಾರೆ. ಡ್ಯಾಮೇಜ್ ಅಂತ ಯಾಕೆ ಬೇಡ ಸರ್, ಅಂದೆ.

“ಬೆಳೆ ಇನ್ನೂ ನಿಂತದೆ ಅಲ್ವೇ ಭವ್ಯಾ? ಸತ್ತದ್ದು ಗೊತ್ತಾದ್ಮೇಲೆ ಡ್ಯಾಮೇಜ್ ಹಾಕುವಾ.”

ಹಾಳಾದ ಶಬ್ದ, ತಲೆಯಿಂದ ಇಳಿಯುತ್ತಲೇ ಇಲ್ಲ.

ಅಕ್ಟೋಬರ್ 25

ಮೊಬೈಲಿನಲ್ಲಿ ಹುಡುಕಿದೆ. ಅರ್ಥ — ಅಪಾಯಕ್ಕೆ ಒಡ್ಡುವುದು. ಮೂಲ ಹಳೇ ಫ್ರೆಂಚ್. ‘ಪಾಲಾದ ಆಟ’ ಅಂತ! ಗೆಲುವು, ಸೋಲು ಎರಡಕ್ಕೂ ಸಮ ಅವಕಾಶ ಇರುವ ಆಟ. ಚದುರಂಗದ ಬಿಕ್ಕಟ್ಟಿಗೂ ಹೀಗೇ ಅನ್ನುತ್ತಿದ್ದರಂತೆ. ಮೊದಲು ‘ಜೆಪರ್ಡಿ’, ಅಪಾಯ ಅನ್ನುವ ನಾಮಪದ, ಕ್ರಿಯಾಪದ ಎಷ್ಟೋ ಕಾಲದ ನಂತರ. ಈಗ ಕೆಲಸ, ಆರೋಗ್ಯ, ಕೇಸು, ಮರ್ಯಾದೆ... ಯಾವುದನ್ನು ಬೇಕಾದರೂ ಜೆಪರ್ಡೈಸ್ ಮಾಡಬಹುದು. ಆದರೆ ಅದು ಇನ್ನೂ ಉಳಿದಿರಬೇಕು. ಒಡೆದ ಮಡಕೆಯನ್ನು ಜೆಪರ್ಡೈಸ್ ಮಾಡಲಾಗದು. ಎಷ್ಟು ಚೆಂದ!

ಪಕ್ಕದ ಮನೆಯ ಸುಕ್ರಜ್ಜಿಗೆ ಹೇಳಿದರೆ ನಕ್ಕಳು.

“ನಮ್ಮ ಬಾಗ್ಲೂ ಪಾಲಿಂದೇ ಅಲ್ದ ತಂಗಿ? ಒಂದು ಕೈ ಗದ್ದೆಯವ್ರದ್ದು, ಒಂದು ಕೈ ಶೆಟ್ಲಿಯವ್ರದ್ದು. ಎರಡೂ ಬೀಳ್ದೆ ಹಲಗೆ ಎತ್ತೂಕಿಲ್ಲ. ಒಬ್ನೇ ಎತ್ತಿದವ ಯಾರೂ ಇಲ್ಲ ಇಲ್ಲಿವರೆಗೆ.”

ಹೌದು. ಮಳೆಗಾಲಕ್ಕೆ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಶೆಟ್ಲಿ, ಅಂದರೆ ಸಿಗಡಿ. ನಮ್ಮ ಮನೆಯೂ ಪಾಲೇ. ಅಪ್ಪ ಗದ್ದೆ ಬದಿ. ನನ್ನ ಒಡಹುಟ್ಟಿದ ಯೋಗೇಶಣ್ಣ ಈ ವರ್ಷ ಸಿಗಡಿ ಕಂತ್ರಾಟುದಾರರ ಜೊತೆ ಸೇರಿದ್ದಾನೆ.

ಅಕ್ಟೋಬರ್ 26, ಭಾನುವಾರ

ಮಳೆ ಬಂದು ಉಪ್ಪು ತೊಳೆದರೆ ಬೆಳೆ ಉಳಿಯುತ್ತದಂತೆ. ಇಲ್ಲದಿದ್ದರೆ ಇಲ್ಲ. ಅಪ್ಪ ದಿನವಿಡೀ ಗದ್ದೆ ಅಂಚಿನಲ್ಲಿ ಕೂತಿದ್ದ.

ಬಾವಿಕಟ್ಟೆಯಲ್ಲಿ ಅಣ್ಣನಿಗೆ ಶಬ್ದದ ಕಥೆ ಹೇಳುತ್ತಿದ್ದೆ, ಸುಮ್ಮನೆ. ಅವನ ಮುಖ ಕಪ್ಪಿಟ್ಟಿತು.

“ನಾನೇ ಎತ್ತಿದ್ದು. ಒಂದೇ ಹಲಗೆ, ಭವ್ಯಾ. ಶೆಟ್ಲಿ ಮರಿ ಒಳಗೆ ಬರ್ಲಿ ಅಂತ. ಆಮೇಲೆ ನೀರಿನ ರಭಸಕ್ಕೆ ವಾಪಸ್ ಕೂರ್ಲೇ ಇಲ್ಲ.”

“ಇನ್ನೊಬ್ರನ್ನ ಕರೀಲಿಕ್ಕೆ ಎಂತಾ ಆಗಿತ್ತು ನಿಂಗೆ?”

“ಗದ್ದೆ ಬದಿ ಕೈ ಅಂದ್ರೆ ಅಪ್ಪನೇ. ಅಪ್ಪನ್ನ ಕರದ್ರೆ ಬತ್ತಿದ್ನೇ?”

ಸಿಟ್ಟು ಬಂತು. ಅಳುವೂ ಬಂತು. ಯಾರಿಗೂ ಹೇಳಬೇಡ ಅಂದ. ತಲೆ ಆಡಿಸಿಬಿಟ್ಟೆ, ಮೂರ್ಖಳ ಹಾಗೆ.

ಅಕ್ಟೋಬರ್ 29

ಮಳೆ ಇಲ್ಲ. ಊರವರೆಲ್ಲ ಸಭೆ ಸೇರಿ ಸೋಮುವಿನ ಹೆಸರು ಹೇಳಿದ್ದಾರೆ — ಸಿಗಡಿ ಹೊಂಡದ ಕಾವಲುಗಾರ. ಹೊರಗಿನಿಂದ ಬಂದವ, ಸುಲಭ. ಕಂತ್ರಾಟುದಾರ ಆಗಲೇ ಗುಡಿಸಲು ಖಾಲಿ ಮಾಡು ಅಂದಿದ್ದಾನಂತೆ. ಹೆಂಡತಿ ಏಳು ತಿಂಗಳ ಬಸುರಿ. ಅಣ್ಣ ಸಭೆಯಲ್ಲಿ ನೆಲ ನೋಡುತ್ತ ಕೂತಿದ್ದ. ನನಗೆ ನಾಚಿಕೆ.

“ಹೇಳ್ತ್ಯಾ, ಇಲ್ವಾ?” ಅಂದೆ ಮನೆಗೆ ಬಂದ ಮೇಲೆ. “ನಾಳೆ” ಅಂದ.

ಅಕ್ಟೋಬರ್ 31, ಆಫೀಸು, ಮಧ್ಯಾಹ್ನ

ನಾಳೆಯೂ ಆಯಿತು. ಅಣ್ಣ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಕಂಪ್ಲೇಂಟ್ ಮತ್ತೆ ಟೈಪ್ ಮಾಡಿಕೊಟ್ಟೆ, ಸೋಮುವಿನ ಹೆಸರು ಹಾಕಿ. ಬೆರಳು ಹೇಗೆ ಓಡಿತೋ. ಬೆಳೆಗೆ ಹಾಕಿದ್ದ ಅದೇ ಶಬ್ದ ಅವನ ಹೆಸರಿನ ಪಕ್ಕ ಕೂತಿತು. ಈಗ ಯಾರ ಜೀವನ ಅಪಾಯದಲ್ಲಿದೆ ಅಂತ ಡಿಕ್ಷನರಿ ನೋಡಬೇಕಿಲ್ಲ.

ಅಪ್ಪ ಸಹಿ ಹಾಕಲು ಬಂದಿದ್ದಾನೆ. ಇಸ್ತ್ರಿ ಶರ್ಟು. ಎದುರಿನ ಬೆಂಚಿನ ಮೇಲೆ ಪೆನ್ನು ಹಿಡಿದು ಕೂತಿದ್ದಾನೆ. ವಕೀಲರು ಕೋರ್ಟಿನಿಂದ ಬಂದ ಕೂಡಲೇ ಸಹಿ, ಆಮೇಲೆ ಸ್ಟೇಷನ್.

“ಬರದದ್ದು ಸಾಕು ಮಗಾ. ಇಂಗ್ಲಿಷಲ್ಲಿ ಎಂತಾ ಅದೆ, ಕನ್ನಡದಲ್ಲಿ ಓದಿ ಹೇಳು. ಸುಳ್ಳಿಗೆ ನಾನು ಸಹಿ ಹಾಕೂದಿಲ್ಲ.”

ಹೇಳುತ್ತೇನೆ. ಮೊದಲು ಹೆಸರಿನಿಂದಲೇ ಶುರು ಮಾಡುತ್ತೇನೆ. ಅಪ್ಪ, ಹಲಗೆ ಎತ್ತಿದ್ದು ಸೋಮು ಅಲ್ಲ, ನಮ್ಮ ಯೋಗೇಶಣ್ಣ.