ಐದು ಗೊಂಬೆಗಳ ಮುಂದಿನ ಚೀಟಿ

ಮುಂಡರಗಿ
12 ನವೆಂಬರ್ 2025, ಬುಧವಾರ

ಪ್ರೀತಿಯ ಅವ್ವಾ,

ನಿನ್ನ ಕೆಲಸವನ್ನು ನಾನು ನನ್ನದೆಂದು ಬರೆದುಕೊಂಡೆ. ಆಮೇಲೆ, ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ, ಅಲ್ಲಿ ನಿನ್ನ ಹೆಸರಿದೆ ಎಂದು ಸುಳ್ಳು ಓದಿದೆ. ಮೊದಲನೆಯದು ಕಳವು. ಎರಡನೆಯದಕ್ಕೆ ಏನನ್ನಬೇಕೋ ನನ್ನ ಹತ್ತಿರ ಇರುವ, ದುಡಿಯುವವರ ಹಕ್ಕಿನ ಯಾವ ಪುಸ್ತಿಕೆಯಲ್ಲೂ ಸಿಗಲಿಲ್ಲ.

ಮೊದಲು ಕ್ಷೇಮ ಕೇಳಬೇಕಿತ್ತು. ಮೊಣಕಾಲು ನೋವು ಹೇಗಿದೆ? ಹಮ್ಮಿಗಿಯಲ್ಲಿ ಈಗ ಹೊಳೆಯ ಗಾಳಿ ತಣ್ಣಗೆ ಬೀಸುತ್ತಿರಬೇಕು, ನಸುಕಿನಲ್ಲಿ ಅಂಗಳಕ್ಕೆ ಬಂದು ಕೂರಬೇಡ. ಗೌಸಸಾಬ ಮಾಮಾ ಫೋನು ಮಾಡಿದ್ದ. "ನಿಮ್ಮವ್ವ ಇಲ್ಲಿಗೆ ಬಂದಾಗಿಂದ ಸೂಜಿ ಮುಟ್ಟಿಲ್ಲವಾ, ನಂಗ ಅಂಜಿಕಿ ಬರಾಕತ್ತೈತಿ" ಎಂದ. ನನಗೂ ಅದೇ ಅಂಜಿಕೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಎತ್ತಿದ್ದರೂ "ಮತ್ತ ಭಾಷಣ ಸುರು ಮಾಡಿದೇನ?" ಅನ್ನುತ್ತಿದ್ದೆ. ಅದಕ್ಕೇ ಕಾಗದ. ಅಮೀರಾ, ಇದನ್ನು ನಿನ್ನ ಅತ್ತೆಗೆ ಓದಿ ಹೇಳುವವಳು ನೀನು. ಇಲ್ಲದ್ದನ್ನು ಸೇರಿಸಬೇಡ ತಂಗಿ, ಇದ್ದದ್ದನ್ನು ಬಿಡಬೇಡ. ನನ್ನ ಮೇಲಿನ ಮರ್ಯಾದೆಗಾಗಿ ಒಂದು ಸಾಲನ್ನೂ ನುಂಗಬೇಡ.

ಅಮೀರಾ, ನಿನಗೂ ವಿಷಯ ತಿಳಿಯಲಿ. ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ ನೋಡಿರುತ್ತೀ. ಅದರ ಜೊತೆ ಹೆಬ್ಬೆರಳೆತ್ತರದ ಮನುಷ್ಯರು ಬರುತ್ತಾರೆ. ತಲೆ, ಕೂದಲು, ಕೈ, ಕಾಲು ಎಲ್ಲ ಬಿಚ್ಚಬಹುದು. ಡಬ್ಬಿಯಲ್ಲಿ ಸಿಗುವವರು ಕತ್ತಿ ಹಿಡಿದ ಸೈನಿಕರು, ಗಗನಯಾತ್ರಿಗಳು. ಬೆಟಗೇರಿಯಲ್ಲಿ ನಾವು ಹನ್ನೊಂದು ಮಂದಿ ಅವರ ಬಣ್ಣ ಅಳಿಸಿ, ಮತ್ತೆ ಬಳಿದು, ನಮ್ಮ ಕಡೆಯವರನ್ನಾಗಿ ಮಾಡುತ್ತೇವೆ. ಸ್ಟೇಷನರಿ ಅಂಗಡಿಯ ಪರಶುರಾಮ ನಮ್ಮಲ್ಲಿ ಹಿರಿಯ, ಅವನ ಅಂಗಡಿಯ ಮಾಳಿಗೆಯಲ್ಲೇ ನಾವು ಕೂಡುವುದು. ಅವನು ಕಂಬಳಿ ಹೊದ್ದ ಕುರಿಗಾರನನ್ನು ಮಾಡಿದ್ದಾನೆ. ತಾರೀಖ ಎಂಬವನು ಮಗ್ಗದ ಮುಂದೆ ಕೂತ ನೇಕಾರನನ್ನು ಮಾಡಿದ್ದಾನೆ. ನಾನು ಕೌದಿ ಹೊಲಿಯುವ ಐದು ಜನ ಹೆಂಗಸರನ್ನು ಮಾಡಲು ಹೊರಟೆ. ಗಗನಯಾತ್ರಿಯ ಮೈಗೆ ಹಸಿರು ಬಳಿದು ಸೀರೆ ಎಂದು ತೋರಿಸಿದೆ. ಅವ್ವಾ, ನೀನು ಅದನ್ನು ಬೆಳಕಿಗೆ ಹಿಡಿದು, "ಇಕಿ ಸೀರಿ ಉಟ್ಟಾಳೋ, ಮೈಗೆ ಪಾಚಿ ಹತ್ತೈತೋ?" ಎಂದೆ.

ಅಲ್ಲಿಂದ ಆ ಕೆಲಸ ನಿನ್ನದಾಯಿತು. ನಮ್ಮ ಗುಂಪಿನವರು ಬಟ್ಟೆಯ ಅಂಚಿನ ಎಳೆ ಬಿಚ್ಚದಿರಲೆಂದು ಗೋಂದು ಹಚ್ಚುತ್ತಿದ್ದರು. ಬಟ್ಟೆ ತಗಡಿನಂತೆ ಸೆಟೆದು, ಗೊಂಬೆಯ ಕೈ ಮೇಲೇಳುತ್ತಿರಲಿಲ್ಲ. ನೀನು ಹಳೆಯ ಕುಬಸದ ತುಂಡನ್ನು ತೆಳ್ಳನೆಯ ಗಂಜಿಯಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಐವರಿಗೂ ಸೀರೆ ಮಾಡಿದೆ. ಕಂಕುಳ ಹತ್ತಿರ ಮೂರೇ ಹೊಲಿಗೆ ಹಾಕಿ ಸಡಿಲ ಬಿಟ್ಟೆ. "ಕೈ ಆಡಬೇಕವಾ, ಇಲ್ಲಂದ್ರ ಇವ್ರು ಹೊಲಿಯೋದು ಹೆಂಗ?" ಎಂದೆ. ಐವರ ನಡುವೆ ಹಾಸಿದ ಅಂಗೈಯಗಲದ ಕೌದಿಗೆ ಉಗುರಗಲದ ಅರವತ್ತು ತುಂಡು ಕೂಡಿಸಿ, ಒಳಗೆ ನೀನೇ ಹಿಂಜಿದ ಹತ್ತಿ ಹಾಕಿದೆ. ಪಿಂಜಾರರ ಮನೆಯ ಕೈ ಅದು. ಆ ಒಂದೂವರೆ ತಿಂಗಳು ನಾನು ಮಾಡಿದ ದೊಡ್ಡ ಕೆಲಸವೆಂದರೆ ಪಕ್ಕದಲ್ಲಿ ಕೂತು ನಿನಗೆ ಪುಸ್ತಿಕೆ ಓದಿ ಹೇಳಿದ್ದು. ದುಡಿದವರ ಹೆಸರು ಅಳಿಸುವುದೂ ಸುಲಿಗೆಯೇ ಎಂದು ಓದಿದೆ. ಹೆಂಗಸರ ದುಡಿಮೆ ಮನೆಯ ಗೋಡೆಯೊಳಗೇ ಕರಗುತ್ತದೆ ಎಂದು ಓದಿದೆ. ನೀನು ಹಲ್ಲಿನಲ್ಲಿ ದಾರ ಕಡಿಯುತ್ತಾ, "ಖರೆ ಐತಿ, ಮುಂದ ಓದ" ಅನ್ನುತ್ತಿದ್ದೆ.

ಗದಗಿನಲ್ಲಿ ನಮ್ಮ ಗೊಂಬೆಗಳ ಪ್ರದರ್ಶನವಿತ್ತು. ಅದರ ಹಿಂದಿನ ದಿನ ಹೆಸರಿನ ಚೀಟಿ ಬರೆಯುವಾಗ ತಾರೀಖ, "ಬಟ್ಟಿ ಅಂದ್ರ ಅಲಂಕಾರ, ಗೊಂಬಿ ಕಟ್ಟಿದವರ ಹೆಸರಷ್ಟ ಬರೀಬೇಕು" ಎಂದ. ಯಾವ ಓಣಿಯಲ್ಲಾದರೂ ನಿಂತು ಜಗಳವಾಡುವ ನಾನು ಅಲ್ಲಿ ಬಾಯಿ ತೆರೆಯಲಿಲ್ಲ. ನಿಯಮಕ್ಕೆ ಹೆದರಿ ಸುಮ್ಮನಾದೆ ಎಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು, ಅದು ಸಿಹಿಯಾಗಿತ್ತು. "ಯಾಸ್ಮೀನ ನದಾಫ, ಮುಂಡರಗಿ" ಎಂದಷ್ಟೇ ಬರೆದೆ.

ಮರುದಿನ ನೀನು ಬುತ್ತಿ ಕಟ್ಟಿಕೊಂಡು, ಹಬ್ಬದ ಸೀರೆ ಉಟ್ಟು ಬಂದೆ. ಗೊಂಬೆಗಳ ಮುಂದೆ ನಿಂತು, "ಇಲ್ಲೆ ಏನ ಬರದಾರವಾ?" ಎಂದು ಕೇಳಿದೆ. "ಜನ್ನತಬಿ ನದಾಫ ಮತ್ತು ಮಗಳು ಯಾಸ್ಮೀನ" ಎಂದು ನಾನು ಓದಿದೆ. ನಾಲಿಗೆ ತಡವರಿಸಲೂ ಇಲ್ಲ. ನೀನು ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸಿಗೆ, "ನೋಡ್ರಿಲ್ಲೆ, ಇದು ನನ್ನ ಹೆಸರು" ಎಂದೆ. ಆಕೆ ಬಗ್ಗಿ ಓದಿದಳು. "ಎಲ್ಲೈತ್ರಿ? ಇಲ್ಲೆ ಯಾಸ್ಮೀನ ಅಂತ ಒಬ್ಬರದ ಐತಲ್ರಿ" ಎಂದಳು.

ಮುಂಡರಗಿಗೆ ಬಸ್ಸಿನಲ್ಲಿ ಮರಳಿದೆವು. ಇಳಿದ ಮೇಲೆ ಒಂದೇ ಮಾತು ಕೇಳಿದೆ: "ಇಷ್ಟು ವರ್ಷ ನೀ ಓದಿ ಹೇಳಿದ್ದರಾಗ ಎಷ್ಟು ಖರೆ ಇತ್ತವಾ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೆಳಗಾದರೆ ನೀನು ಹಮ್ಮಿಗಿಯ ಬಸ್ಸು ಹತ್ತಿದ್ದೆ.

ಮೊನ್ನೆ ಭಾನುವಾರ ಬೆಟಗೇರಿಗೆ ಹೋಗಿ, ಎಲ್ಲರೆದುರು ಐದೂ ಗೊಂಬೆಗಳ ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟೆ. "ತಾರೀಖ, ಇದರಾಗ ಕೌದಿ ಹೊಲಿಯೋರು ಯಾರು, ಗುರ್ತ ಹಿಡಿ" ಎಂದೆ. ಹಸಿರು ಮೆತ್ತಿದ ಐದು ಪ್ಲಾಸ್ಟಿಕ್ ಗಗನಯಾತ್ರಿಗಳು. ಅವನು ಒಂದೊಂದನ್ನೂ ಎತ್ತಿ ನೋಡಿ, "ಯಾರೂ ಇಲ್ಲಕ್ಕಾ" ಎಂದ. ನನ್ನ ಹೆಸರಿನ ಚೀಟಿಯನ್ನು ಅಲ್ಲೇ ಹರಿದೆ. ಇನ್ನು ಮೇಲೆ ಕೈ ಹಚ್ಚಿದ ಎಲ್ಲರ ಹೆಸರೂ ಬರೆಯಬೇಕೆಂದು ಗುಂಪು ಒಪ್ಪಿದೆ. ಆದರೆ ಅವರು ಒಪ್ಪಿದ ಮಾತ್ರಕ್ಕೆ ನಿನಗೆ ಆದದ್ದು ಆಗದೇ ಹೋಗುವುದಿಲ್ಲ, ಅದು ನನಗೆ ಗೊತ್ತು.

23ನೆಯ ತಾರೀಖು ಮಾಳಿಗೆಯಲ್ಲಿ ಮತ್ತೆ ಎಲ್ಲವನ್ನೂ ಜೋಡಿಸುತ್ತಾರೆ, ಊರಿನವರೂ ನೋಡಲು ಬರುತ್ತಾರೆ. ನಿನ್ನ ಐವರ ಮುಂದೆ ಖಾಲಿ ಚೀಟಿ ಇರುತ್ತದೆ. ಅದರಲ್ಲಿ ಏನಿರಬೇಕು ಎಂದು ನೀನು ಹೇಳು, ಪರಶುರಾಮ ಬರೆಯಲಿ. ಬರೆದದ್ದನ್ನು ನನ್ನ ಪರಿಚಯವೇ ಇಲ್ಲದ ಯಾರಿಂದಲಾದರೂ ಓದಿಸಿ ಕೇಳು. ನನ್ನ ಹೆಸರು ಬೇಡವೆನಿಸಿದರೆ ಬರೆಸಬೇಡ. ಸೀರೆಗಳನ್ನೂ ಕೌದಿಯನ್ನೂ ನಿನ್ನ ಸೂಜಿ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದೇನೆ. ಆ ಗೊಂಬೆಗಳಿಗೆ ನಾನು ಉಡಿಸುವುದಿಲ್ಲ. ನೀನು ಬರದಿದ್ದರೆ ಅವು ಹಾಗೆಯೇ ಇರುತ್ತವೆ.

ಮಾಮಾನಿಗೆ ಸಲಾಮು. ಅಮೀರಾಳಿಗೆ ಇಷ್ಟುದ್ದ ಓದಿದ ದಣಿವಿಗೆ ಒಂದು ಲೋಟ ಹಾಲು ಕೊಡು.

ನಿನ್ನ ಮಗಳು,
ಯಾಸ್ಮೀನ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಿನಗೆ ಓದಿ ಹೇಳಿದ್ದರಲ್ಲಿ ಇನ್ನೊಂದು ಸುಳ್ಳಿದೆ. ಹೋದ ವರ್ಷ ಬಿ.ಎ. ಫಲಿತಾಂಶದ ಹಾಳೆ ಹಿಡಿದು ಪಾಸಾಗಿದ್ದೇನೆ ಎಂದೆನಲ್ಲ, ಎರಡು ವಿಷಯ ಹೋಗಿವೆ. ನೀನು ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ, ನಾನು ನೋಡುತ್ತಾ ಕೂತಿದ್ದೆ. ಮೂರನೆಯದಿಲ್ಲ. ಇದನ್ನಾದರೂ ನಂಬು ಎಂದು ಕೇಳುವ ಹಕ್ಕು ನನಗಿಲ್ಲ, ಅದಕ್ಕೇ ಆ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ, ಅಮೀರಾ ಓದಲಿ. ಇಷ್ಟೆಲ್ಲ ಕೇಳಿದ ಮೇಲೂ ಬರಬೇಕೆನಿಸಿದರೆ ಬಾ. ನವೆಂಬರ್ 23, ಭಾನುವಾರ, ಬೆಳಿಗ್ಗೆ ಎಂಟು ಗಂಟೆಗೆ ಹಮ್ಮಿಗಿ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ.