ಎಡಗಾಲಿಗೂ ಕೆಲಸ

ಶುಕ್ರವಾರ, ಹದಿನಾಲ್ಕು

ವಾರದಿಂದ ಒಂದೇ ಕೊರಗು: ನಮ್ಮ ಡೀಸೆಲ್ ಕಾರು ತಿರುವಿನಲ್ಲಿ ತೂಕಡಿಸುತ್ತದೆ. ಬ್ರೇಕ್ ಹಾಕಲು ಆಕ್ಸಲರೇಟರ್ ಬಿಟ್ಟರೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಮಂಕಾಗಿ, ಮತ್ತೆ ಎಳೆಯುವಷ್ಟರಲ್ಲಿ ಮುಂದಿನ ತಿರುವೇ ಬಂದಿರುತ್ತದೆ. ಭಾನುವಾರ ಆಟೋಕ್ರಾಸ್, ಮೈದಾನದಲ್ಲಿ ಒಬ್ಬೊಬ್ಬರೇ ಸಮಯದ ಮೇಲೆ ಓಡಿಸುವ ಕಾರ್ ರೇಸ್. ಇವತ್ತಿನ ಅಭ್ಯಾಸದಲ್ಲಿ ಒಂದು ನಿಮಿಷದೊಳಗೆ ಸುತ್ತು ಮುಗಿಯದಿದ್ದರೆ ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆಂದು ಇವರಿಗೆ ಮಾತು ಕೊಟ್ಟಿದ್ದೆ.

ಬೆಳಿಗ್ಗೆ ಕಾರು ಹಗುರಾಗಲೆಂದು ಹಿಂದಿನ ಸೀಟು, ಸ್ಟೆಪ್ನಿ, ಜಾಕ್ ಎಲ್ಲ ಇಳಿಸಿದೆ. ಸೀಟಿನಡಿ ಮಗಳ ಮೂರು ಒಂಟಿ ಸಾಕ್ಸ್ ಸಿಕ್ಕವು. ಮೈದಾನಕ್ಕೆ ಸ್ಟಾಪ್‌ವಾಚ್ ಹಿಡಿದು ಅತ್ತೆ ಬಂದರು. ನಲವತ್ತು ವರ್ಷ ಬಟ್ಟೆ ಹೊಲಿದವರು, ಕಾರು ಓಡಿಸಿದವರಲ್ಲ. ಮೊದಲ ಮೂರು ಸುತ್ತೂ ಅರವತ್ತಮೂರು ಸೆಕೆಂಡಿನ ಆಸುಪಾಸು.

"ತಿರುವು ಬಂದ ಕೂಡ್ಲೆ ಶಬ್ದ ಯಾಕೆ ಸಾಯುತ್ತೆ?" ಎಂದರು.

"ಬ್ರೇಕ್ ಹಾಕ್ಬೇಕಲ್ಲ ಅತ್ತೆ, ಕಾಲು ತೆಗೀತೀನಿ."

"ಇನ್ನೊಂದು ಕಾಲು ಏನ್ ಮಾಡ್ತಿದೆ?"

ಇಡೀ ಸುತ್ತು ಎರಡನೇ ಗೇರಿನಲ್ಲೇ. ಕ್ಲಚ್ ಒತ್ತುವ ಕೆಲಸವಿಲ್ಲದೆ ಎಡಗಾಲು ಸುಮ್ಮನೆ ಕೂತಿತ್ತು. ಬಲಗಾಲನ್ನು ಆಕ್ಸಲರೇಟರ್ ಮೇಲೇ ಬಿಟ್ಟು, ಎಡಗಾಲಿನಿಂದ ಬ್ರೇಕ್ ಒತ್ತಿದೆ. ಮೊದಲ ಸಲ ಹಣೆ ಸ್ಟೇರಿಂಗಿಗೆ ಬಡಿಯುವುದರಲ್ಲಿತ್ತು. ನಾಲ್ಕನೆಯ ಸಲ ಕಾರು ಹಗ್ಗ ಬಿಚ್ಚಿದ ಕರುವಿನಂತೆ ತಿರುವಿನಿಂದ ನೆಗೆಯಿತು.

ಐವತ್ತೆಂಟು.

ಅತ್ತೆ ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದರು. "ನಿನ್ ಹೆಂಡ್ತಿ ಗೆದ್ಲು ಕಣೋ. ಭಾನುವಾರ ಅಡುಗೆ ನಿಂದು." ಆಮೇಲೆ ನನ್ನ ಹಳೆಯ ಹೆಲ್ಮೆಟ್ ಹಾಕಿಕೊಂಡು ಪಕ್ಕದ ಸೀಟಿಗೆ ಬಂದು ಕೂತರು. "ನಂಗೂ ಒಂದು ಸುತ್ತು."

ಆ ಸುತ್ತನ್ನು ಯಾರೂ ಅಳೆಯಲಿಲ್ಲ. ಮೊದಲ ತಿರುವಿಗೇ ಅವರು ನಗಲು ಶುರುಮಾಡಿದವರು ಕೊನೆಯವರೆಗೂ ನಿಲ್ಲಿಸಲಿಲ್ಲ. ಹದಿನೆಂಟು ವರ್ಷದಲ್ಲಿ ಅವರ ಆ ನಗು ನಾನು ಕೇಳಿರಲಿಲ್ಲ. ಈಗ ಗೋಡೆಯಾಚೆ ಮತ್ತೆ ಕೇಳಿಸುತ್ತಿದೆ, ಫೋನಿನಲ್ಲಿ ತಮ್ಮ ತಂಗಿಗೆ ಹೇಳುತ್ತಿದ್ದಾರೆ, ಮತ್ತು ನನಗೂ ಬರೆಯುತ್ತಾ ಬರೆಯುತ್ತಾ ನಗು ಬರುತ್ತಿದೆ.